ಕರುಣೆಯೂ ಪರೀಕ್ಷೆಯೂ: ದಾರಿ ತಪ್ಪಿದ ಬಾಲಕರ ಚಿಕಿತ್ಸೆಯ ಇತಿಹಾಸ

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳನ್ನು ಆಚಾರ್ಯರು ಹೇಳಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಸ್ವಾಧ್ಯಾಯ ಮಾಡಿದವರಿಗೆ ಅವು ಪರಿಚಿತವಾದವುಗಳೇ. ಆ ಎಂಟರಲ್ಲಿ ಉಪಗೂಹನ, ಸ್ಥಿತೀಕರಣ, ವಾತ್ಸಲ್ಯ ಎಂಬ ಮೂರು, ಎಡವಿದವನ ವಿಷಯದಲ್ಲಿ ಶ್ರಾವಕನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ತಿಳಿಸುತ್ತವೆ. ಅನ್ಯರ ದೋಷವನ್ನು ಬೀದಿಗೆ ತಾರದಿರುವುದು ಉಪಗೂಹನ. ಜಾರುತ್ತಿರುವವನನ್ನು ಹಿಡಿದು ಮತ್ತೆ ಸನ್ಮಾರ್ಗದಲ್ಲಿ ನಿಲ್ಲಿಸುವುದು ಸ್ಥಿತೀಕರಣ. ನಿಷ್ಕಪಟವಾದ ಪ್ರೀತಿ ವಾತ್ಸಲ್ಯ. ಆದರೆ ಈ ಮೂರಕ್ಕೂ ಮುನ್ನ, ನಾಲ್ಕನೆಯ ಸ್ಥಾನದಲ್ಲಿ, ಅಮೂಢದೃಷ್ಟಿ ಎಂಬ ಅಂಗವನ್ನು ಇರಿಸಲಾಗಿದೆ. ದಾರಿಯಲ್ಲದ ದಾರಿಯನ್ನು ದಾರಿಯೆಂದು ಮೆಚ್ಚದಿರುವುದು, ಜನ ಹೊಗಳಿದರೆಂಬ ಕಾರಣಕ್ಕೆ ಒಂದನ್ನು ಒಪ್ಪದಿರುವುದು ಅದರ ತಾತ್ಪರ್ಯ. ಪ್ರೀತಿಗಿಂತ ಮೊದಲು ಕಣ್ಣು ತೆರೆದಿರಬೇಕೆಂಬ ಸೂಚನೆಯನ್ನು ಈ ಕ್ರಮದಲ್ಲಿ ಕಾಣಬಹುದು.

ಅಪರಾಧದಲ್ಲಿ ಸಿಲುಕಿದ ಬಾಲಕರನ್ನು ತಿದ್ದುವ ವಿಷಯದಲ್ಲಿ ಅಮೆರಿಕ ದೇಶವು ಒಂದು ಶತಮಾನಕ್ಕೂ ಮೀರಿದ ಅನುಭವವನ್ನು ಪಡೆದಿದೆ. ಅಲ್ಲಿ ವಾತ್ಸಲ್ಯವು ಮೊದಲು ಬಂದಿತು. ದೃಷ್ಟಿಯು ಬಹಳ ತಡವಾಗಿ ತೆರೆಯಿತು. ನಡುವಿನ ಕಾಲದಲ್ಲಿ ಒಳ್ಳೆಯವರ ಕೈಯಿಂದಲೇ ಮಕ್ಕಳಿಗೆ ಕೇಡಾದುದೂ ಉಂಟು. ಆ ಇತಿಹಾಸವು ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಿಗೆ ವಿಚಾರಯೋಗ್ಯವಾಗಿದೆ.

ಬಾಲನ್ಯಾಯಾಲಯದ ಉದಯ

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಾಮಾನ್ಯ ಕಾನೂನಿನಂತೆ ಏಳು ವರ್ಷ ದಾಟಿದ ಮಗುವನ್ನು ವಯಸ್ಕರಂತೆಯೇ ವಿಚಾರಣೆಗೆ ಗುರಿಪಡಿಸಲು ಅವಕಾಶವಿತ್ತು. ಅಮೆರಿಕದಲ್ಲಿಯೂ ಅದೇ ಪದ್ಧತಿ ಮುಂದುವರಿದಿತ್ತು. ಬ್ರೆಡ್ಡು ಕದ್ದ ಹುಡುಗನೂ ನುರಿತ ದರೋಡೆಕೋರನೂ ಒಂದೇ ಸೆರೆಮನೆಯಲ್ಲಿ ಇರುತ್ತಿದ್ದರು. ಷಿಕಾಗೊ ನಗರದ ಬಡಜನರ ನಡುವೆ ಹಲ್ ಹೌಸ್ ಎಂಬ ಸೇವಾಕೇಂದ್ರವನ್ನು ನಡೆಸುತ್ತಿದ್ದ ಜೇನ್ ಆಡಮ್ಸ್, ಅವರ ಸಹಕಾರಿಣಿ ಜೂಲಿಯಾ ಲೇಥ್ರಪ್, ಅದೇ ನಗರದ ಲೂಸಿ ಫ್ಲವರ್ ಮೊದಲಾದ ಮಹಿಳೆಯರು ಇದರ ವಿರುದ್ಧ ಶ್ರಮಿಸಿದರು. ಅದರ ಫಲವಾಗಿ 1899ರ ಜುಲೈ ತಿಂಗಳಿನಲ್ಲಿ ಷಿಕಾಗೊ ನಗರವಿರುವ ಕುಕ್ ಕೌಂಟಿಯಲ್ಲಿ ಆ ದೇಶದ ಪ್ರಥಮ ಬಾಲನ್ಯಾಯಾಲಯವು ಆರಂಭವಾಯಿತು. ಬಾಲಕನು ಮಾಡಿದ್ದೇನು ಎಂಬುದಕ್ಕಿಂತ ಬಾಲಕನಿಗೆ ಬೇಕಾದುದೇನು ಎಂದು ಕೇಳುವ ನ್ಯಾಯಾಲಯವದು. ನ್ಯಾಯಾಧೀಶರು ಶಿಕ್ಷಕನಂತಿರದೆ ತಂದೆಯಂತಿರಬೇಕೆಂಬುದು ಅದರ ಆಶಯವಾಗಿತ್ತು. 1925ರ ವೇಳೆಗೆ ಎರಡು ರಾಜ್ಯಗಳನ್ನುಳಿದು ಮಿಕ್ಕೆಲ್ಲ ರಾಜ್ಯಗಳೂ ಇಂತಹ ನ್ಯಾಯಾಲಯಗಳನ್ನು ಸ್ಥಾಪಿಸಿದವು.

1909ರಲ್ಲಿ ಅದೇ ಷಿಕಾಗೊ ನಗರದಲ್ಲಿ ವೈದ್ಯ ವಿಲಿಯಂ ಹೀಲಿಯವರ ನೇತೃತ್ವದಲ್ಲಿ ನ್ಯಾಯಾಲಯಕ್ಕೆ ಬಂದ ಬಾಲಕರ ಮನಸ್ಸನ್ನು ಪರೀಕ್ಷಿಸುವ ಸಂಸ್ಥೆಯೊಂದು ಹುಟ್ಟಿಕೊಂಡಿತು. ಪ್ರತಿಯೊಬ್ಬ ಬಾಲಕನ ಮನೆ, ದೇಹಾರೋಗ್ಯ, ಬುದ್ಧಿ, ಸ್ನೇಹಿತರು ಇವೆಲ್ಲವನ್ನೂ ವಿಚಾರಿಸಿ ನೋಡದೆ ಅವನ ಅಪರಾಧದ ಕಾರಣ ತಿಳಿಯದೆಂದು ಹೀಲಿಯವರು ಪ್ರತಿಪಾದಿಸಿದರು. ಹೀಗೆ ನ್ಯಾಯಾಲಯದ ಬಾಗಿಲಿಗೆ ಮನೋವೈದ್ಯವು ಬಂದು ನಿಂತಿತು.

ಉದ್ದೇಶವು ಉದಾತ್ತವಾಗಿತ್ತು, ಆದರೆ ಅದರ ನೆರಳೂ ಕೂಡಲೇ ಬಿದ್ದಿತು. ತಂದೆಯಂತಿರುವ ನ್ಯಾಯಾಧೀಶನ ಮುಂದೆ ವಕೀಲನೇಕೆ, ಸಾಕ್ಷಿಯೇಕೆ ಎಂಬ ಭಾವನೆ ಬೆಳೆಯಿತು. 1964ರಲ್ಲಿ ಅರಿಜೋನ ರಾಜ್ಯದಲ್ಲಿ ಜೆರಾಲ್ಡ್ ಗಾಲ್ಟ್ ಎಂಬ ಹದಿನೈದರ ಬಾಲಕನು ದೂರವಾಣಿಯಲ್ಲಿ ಅಸಭ್ಯವಾಗಿ ಮಾತನಾಡಿದನೆಂಬ ದೂರಿನ ಮೇಲೆ, ಇಪ್ಪತ್ತೊಂದು ವರ್ಷವಾಗುವವರೆಗೂ ಬಾಲಾಪರಾಧಿಗಳ ಶಾಲೆಯಲ್ಲಿರಬೇಕೆಂಬ ಆಜ್ಞೆಗೆ ಗುರಿಯಾದನು. ಅದೇ ತಪ್ಪಿಗೆ ವಯಸ್ಕನಿಗಿದ್ದ ಗರಿಷ್ಠ ಶಿಕ್ಷೆ ಅಲ್ಪ ದಂಡ ಅಥವಾ ಎರಡು ತಿಂಗಳ ಸಜೆ ಮಾತ್ರ. 1967ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಇದನ್ನು ತಳ್ಳಿಹಾಕಿ, ಬಾಲಕನಿಗೂ ವಕೀಲನ ನೆರವು, ಆರೋಪದ ತಿಳಿವಳಿಕೆ, ಸಾಕ್ಷಿಗಳನ್ನು ಪ್ರಶ್ನಿಸುವ ಹಕ್ಕು ಇರಬೇಕೆಂದು ತೀರ್ಪಿತ್ತಿತು. ಹಿತವನ್ನು ಬಯಸುವುದಾಗಿ ಹೇಳಿಕೊಳ್ಳುವ ಅಧಿಕಾರವೂ ಲೆಕ್ಕ ಒಪ್ಪಿಸಬೇಕೆಂಬುದು ಆ ತೀರ್ಪಿನ ಸಾರ.

ಕ್ಯಾಬಟ್ ಅವರ ಪ್ರಯೋಗ

ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಮನನೀಯವಾದ ಅಧ್ಯಾಯವು ಬಾಸ್ಟನ್ ನಗರದ ಬಳಿಯ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಎರಡು ಊರುಗಳಲ್ಲಿ ನಡೆಯಿತು. ಅದರ ಕರ್ತೃ ರಿಚರ್ಡ್ ಕ್ಲಾರ್ಕ್ ಕ್ಯಾಬಟ್. ಅವರು ಪ್ರಖ್ಯಾತ ವೈದ್ಯರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ನೀತಿಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದವರು. ವೈದ್ಯವೃತ್ತಿಯಲ್ಲಿದ್ದಾಗ ಅವರು, ಜೀವಂತವಿದ್ದಾಗ ರೋಗಿಗೆ ಯಾವ ರೋಗವೆಂದು ವೈದ್ಯರು ಹೇಳಿದ್ದರು, ಸತ್ತ ಮೇಲೆ ಶವಪರೀಕ್ಷೆಯಲ್ಲಿ ಕಂಡುದೇನು ಎಂಬ ಎರಡನ್ನೂ ತಾಳೆ ಹಾಕಿ, ವೈದ್ಯರ ನಿರ್ಣಯಗಳು ಎಷ್ಟೋ ಬಾರಿ ತಪ್ಪಾಗಿದ್ದವೆಂದು ಪ್ರಕಟಿಸಿದ್ದರು. ಸ್ವಂತ ವೃತ್ತಿಬಾಂಧವರ ಅಸಮಾಧಾನಕ್ಕೂ ಅಂಜದೆ ಸತ್ಯವನ್ನು ಹೇಳಿದ ಆ ಮಹನೀಯರು ಸಮಾಜಸೇವೆಗೂ ಅದೇ ಒರೆಗಲ್ಲನ್ನು ಹಿಡಿದರು.

ಅವರ ಯೋಜನೆ ಹೀಗಿತ್ತು. ಬಡ ಬಡಾವಣೆಗಳ, ಹನ್ನೆರಡು ವರ್ಷದೊಳಗಿನ ಬಾಲಕರನ್ನು ಆರಿಸುವುದು. ವಯಸ್ಸು, ಬುದ್ಧಿ, ಕುಟುಂಬದ ಸ್ಥಿತಿ, ಸ್ವಭಾವ ಇವುಗಳಲ್ಲಿ ಒಬ್ಬರಿಗೊಬ್ಬರು ಹೋಲುವ ಇಬ್ಬಿಬ್ಬರನ್ನು ಜೋಡಿ ಮಾಡುವುದು. ಜೋಡಿಯಲ್ಲಿ ಒಬ್ಬನನ್ನು ನಾಣ್ಯ ಚಿಮ್ಮಿ ಆರಿಸಿ ಅವನಿಗೆ ಎಲ್ಲ ನೆರವನ್ನೂ ನೀಡುವುದು. ಇನ್ನೊಬ್ಬನನ್ನು ಅವನ ಪಾಡಿಗೆ ಬಿಡುವುದು. ಕಾಲಾನಂತರದಲ್ಲಿ ಇಬ್ಬರ ಬಾಳನ್ನೂ ಹೋಲಿಸುವುದು. ಹೋಲಿಕೆಗೆ ದೊರೆತ ಬಾಲಕರು 506 ಮಂದಿ. ನೆರವು ಪಡೆದವರು 253, ಪಡೆಯದವರು 253. ಸೇವಾಕಾರ್ಯವು 1939ರಲ್ಲಿ ಆರಂಭವಾಯಿತು. ಕ್ಯಾಬಟ್ ಅವರು ಅದೇ ವರ್ಷ ನಿಧನ ಹೊಂದಿದರೂ ಕಾರ್ಯವು 1945ರವರೆಗೆ ನಡೆಯಿತು. ಸಲಹೆಗಾರರು ಸರಾಸರಿ ತಿಂಗಳಿಗೆ ಎರಡು ಬಾರಿ ಮನೆಗಳಿಗೆ ಹೋಗುತ್ತಿದ್ದರು. ಪಾಠದಲ್ಲಿ ಹಿಂದುಳಿದವರಿಗೆ ಮನೆಪಾಠ, ರೋಗಿಗಳಿಗೆ ವೈದ್ಯರ ನೆರವು, ಮನಸ್ಸು ಕೆಟ್ಟವರಿಗೆ ಮನೋವೈದ್ಯರ ನೆರವು, ಅನೇಕರಿಗೆ ಬೇಸಿಗೆಯ ಶಿಬಿರ ಒದಗಿದವು. ಇದಕ್ಕಿಂತ ಹೆಚ್ಚಿನ ದಯೆಯನ್ನು ಊಹಿಸುವುದು ಕಷ್ಟ.

ಮೂವತ್ತು ವರ್ಷಗಳ ಬಳಿಕ ಜೋನ್ ಮೆಕಾರ್ಡ್ ಎಂಬ ಸಮಾಜವಿಜ್ಞಾನಿ ಆ ಬಾಲಕರನ್ನು ಮತ್ತೆ ಹುಡುಕಿಸಿದರು. ಅವರೆಲ್ಲ ಆಗ ನಡುವಯಸ್ಸಿನ ಗೃಹಸ್ಥರು. ನೆರವು ಪಡೆದವರಲ್ಲಿ ಉತ್ತರ ಕೊಟ್ಟವರ ಪೈಕಿ ಮೂರರಲ್ಲಿ ಎರಡು ಪಾಲು ಜನ, ಆ ಕಾರ್ಯವು ತಮಗೆ ಉಪಕಾರ ಮಾಡಿತೆಂದು ನುಡಿದರು. ಸಲಹೆಗಾರರನ್ನು ಪ್ರೀತಿಯಿಂದ ನೆನೆದವರೂ ಇದ್ದರು. ಅಲ್ಲಿಗೇ ನಿಲ್ಲಿಸಿದ್ದರೆ ಅದೊಂದು ಸಾರ್ಥಕ ಸೇವೆಯೆಂದು ಬಣ್ಣಿಸಿ ಸ್ಮಾರಕ ಗ್ರಂಥವನ್ನು ಪ್ರಕಟಿಸಬಹುದಾಗಿತ್ತು. ಆದರೆ ಮೆಕಾರ್ಡ್ ಅವರು ನ್ಯಾಯಾಲಯ, ಆಸ್ಪತ್ರೆ, ಮರಣನೋಂದಣಿಗಳ ದಾಖಲೆಗಳನ್ನು ತೆರೆದು ನೋಡಿ, ನೆರವು ಪಡೆಯದವರೊಡನೆ ಹೋಲಿಸಿದರು. 1978ರಲ್ಲಿ ಪ್ರಕಟವಾದ ಫಲಿತಾಂಶವು ಎಲ್ಲರನ್ನೂ ಬೆರಗುಗೊಳಿಸಿತು. ಅಪರಾಧಕ್ಕಾಗಿ ಶಿಕ್ಷೆಗೊಳಗಾದವರ ಸಂಖ್ಯೆಯಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. ಅಪರಾಧ ಮಾಡಿದವರಲ್ಲಿ ಮತ್ತೊಮ್ಮೆ ಅಪರಾಧಕ್ಕಿಳಿದವರು ನೆರವು ಪಡೆದವರಲ್ಲಿಯೇ ಹೆಚ್ಚು. ಮದ್ಯವ್ಯಸನದ ಚಿಹ್ನೆಗಳು, ತೀವ್ರವಾದ ಮನೋರೋಗ, ಮನಸ್ಸಿನ ಒತ್ತಡದಿಂದ ಬರುವ ಕಾಯಿಲೆಗಳು, ಅಕಾಲಮರಣ ಇವೆಲ್ಲವೂ ಅವರಲ್ಲಿಯೇ ಅಧಿಕವಾಗಿ ಕಂಡವು.

ಕಾರಣವೇನು? ಹೊರಗಿನವರ ಆಸರೆಗೆ ಒಗ್ಗಿದ ಬಾಲಕನು ಆಸರೆ ತಪ್ಪಿದಾಗ ಕುಸಿದಿರಬಹುದು. ಬಾಳಿನಿಂದ ಸಿಗಲಾರದುದನ್ನು ನಿರೀಕ್ಷಿಸುವಂತಾಗಿರಬಹುದು ಎಂದು ಮೆಕಾರ್ಡ್ ಅವರು ಊಹಿಸಿದರು. ಮುಂದೆ, 1999ರಲ್ಲಿ ಟಾಮ್ ಡಿಷಿಯನ್ ಮೊದಲಾದವರೊಡನೆ ಪ್ರಕಟಿಸಿದ ಲೇಖನದಲ್ಲಿ, ಬೇಸಿಗೆ ಶಿಬಿರಗಳಿಗೆ ಮತ್ತೆ ಮತ್ತೆ ಹೋದವರಲ್ಲಿಯೇ ಕೇಡು ಹೆಚ್ಚಾಗಿತ್ತೆಂದು ತೋರಿಸಿದರು. ತುಂಟ ಬಾಲಕರನ್ನು ಒಂದೆಡೆ ಕಲೆಹಾಕಿದಾಗ ಅವರು ಹಿರಿಯರ ಉಪದೇಶಕ್ಕಿಂತ ಪರಸ್ಪರರ ಮೆಚ್ಚುಗೆಯನ್ನೇ ಅರಸುತ್ತಾರೆ. ಒಬ್ಬನ ದುಸ್ಸಾಹಸಕ್ಕೆ ಮತ್ತೊಬ್ಬನ ನಗುವೇ ಬಹುಮಾನವಾಗುತ್ತದೆ. ದುಸ್ಸಂಗದ ದೋಷವನ್ನು ಗೃಹಸ್ಥರು ಬಲ್ಲರು. ಆದರೆ ಸತ್ಕಾರ್ಯದ ಹೆಸರಿನಲ್ಲಿ ದುಸ್ಸಂಗವನ್ನೇ ಏರ್ಪಡಿಸಿದಂತಾಯಿತೆಂಬುದು ಯಾರಿಗೂ ಹೊಳೆದಿರಲಿಲ್ಲ.

ಇಲ್ಲಿ ಒಂದು ಶಂಕೆ ಏಳುವುದು ಸಹಜ. ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ನೆರವಿತ್ತು ಮತ್ತೊಬ್ಬನನ್ನು ನಾಣ್ಯದ ಮುಖ ನೋಡಿ ಬಿಡುವುದು ನಿರ್ದಯವಲ್ಲವೆ? ನೆರವು ಹಿತಕರವೆಂದು ನಿಶ್ಚಯವಾಗಿದ್ದರೆ ಅದು ನಿರ್ದಯವೇ ಸರಿ. ನಿಶ್ಚಯವಾಗಿರದಿದ್ದಾಗ ಪರೀಕ್ಷಿಸದೆ ಎಲ್ಲರ ಮೇಲೂ ಅದನ್ನು ಪ್ರಯೋಗಿಸುವುದೇ ಹೆಚ್ಚಿನ ಅಪಾಯ. ಕ್ಯಾಬಟ್ ಅವರ ನಾಣ್ಯವು ಬಿಟ್ಟುಹೋದ 253 ಬಾಲಕರು ಕೇಡಿನಿಂದ ಪಾರಾದರೆಂಬುದನ್ನು ಮರೆಯಲಾಗದು. ಆ ನಾಣ್ಯವಿಲ್ಲದಿದ್ದರೆ ಕೇಡು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದೇ ಮಾದರಿಯ ಸೇವೆಯು ಊರೂರಿಗೂ ಹರಡುತ್ತಿತ್ತು.

ನಿರಾಶೆ ಮತ್ತು ಭಯದ ದಶಕಗಳು

1974ರಲ್ಲಿ ರಾಬರ್ಟ್ ಮಾರ್ಟಿನ್‌ಸನ್ ಎಂಬ ಸಮಾಜಶಾಸ್ತ್ರಜ್ಞರು, ಕೈದಿಗಳ ಸುಧಾರಣೆಯನ್ನು ಕುರಿತ 231 ಅಧ್ಯಯನಗಳನ್ನು ಪರಿಶೀಲಿಸಿ ಒಂದು ಲೇಖನ ಬರೆದರು. ಪರೀಕ್ಷೆಗೆ ನಿಲ್ಲುವಂತಹ ಯಶಸ್ಸು ಬಹಳ ವಿರಳವೆಂಬುದು ಅದರ ತಾತ್ಪರ್ಯ. ಯಾವುದರಿಂದಲೂ ಪ್ರಯೋಜನವಿಲ್ಲವೆಂದು ರಾಜಕಾರಣಿಗಳು ಅದನ್ನು ಸಂಕ್ಷೇಪಿಸಿಕೊಂಡರು. 1979ರಲ್ಲಿ ಮಾರ್ಟಿನ್‌ಸನ್ ಅವರೇ ಕೆಲವು ಕ್ರಮಗಳು ಪ್ರಯೋಜನಕಾರಿಯೆಂದು ತಿದ್ದಿ ಬರೆದರೂ ಆ ತಿದ್ದುಪಡಿಯನ್ನು ಗಮನಿಸಿದವರು ಕಡಿಮೆ.

ಸುಧಾರಣೆಯಲ್ಲಿ ನಂಬಿಕೆ ಕುಂದಿದೆಡೆ ಭಯವು ಬಂದು ಕುಳಿತಿತು. ನ್ಯೂಜೆರ್ಸಿ ರಾಜ್ಯದ ರಾವೇ ಸೆರೆಮನೆಯಲ್ಲಿ ಜೀವಾವಧಿ ಶಿಕ್ಷೆಗೊಳಗಾದ ಕೈದಿಗಳು ಬಾಲಕರನ್ನು ಎದುರಿಗೆ ಕೂರಿಸಿಕೊಂಡು, ಸೆರೆಮನೆಯ ಘೋರಗಳನ್ನು ಗರ್ಜಿಸಿ ಹೇಳಿ ಬೆದರಿಸುವ ಕಾರ್ಯಕ್ರಮವು ಆರಂಭವಾಯಿತು. ಅದನ್ನು ಕುರಿತ ‘ಸ್ಕೇರ್ಡ್ ಸ್ಟ್ರೇಟ್’ ಎಂಬ ಸಾಕ್ಷ್ಯಚಿತ್ರವು 1979ರಲ್ಲಿ ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು. ಊರೂರುಗಳು ಅದನ್ನು ಅನುಕರಿಸಿದವು. ರಟ್ಗರ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಫಿಂಕನೋವರ್ ಅವರು ತಾಳೆ ಹಾಕಿ ನೋಡಿದಾಗ, ಬೆದರಿಕೆಗೊಳಗಾದ ಬಾಲಕರೇ ಹೆಚ್ಚು ಅಪರಾಧಗಳಲ್ಲಿ ಸಿಕ್ಕಿಬಿದ್ದಿದ್ದರು. 2002ರಲ್ಲಿ ಇಂತಹ ಒಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗಲೂ, ಏನನ್ನೂ ಮಾಡದಿರುವುದೇ ಇದಕ್ಕಿಂತ ಲೇಸೆಂಬ ನಿರ್ಣಯವೇ ಬಂದಿತು. 1990ರ ದಶಕದಲ್ಲಿ ಬಾಲಕರ ಹಿಂಸಾಕೃತ್ಯಗಳು ಏರಿದಾಗ ಸೈನಿಕ ಶಿಬಿರಗಳ ಮಾದರಿಯ ಬಂಧನವೂ, ಬಾಲಕರನ್ನು ವಯಸ್ಕರ ನ್ಯಾಯಾಲಯಕ್ಕೆ ಕಳುಹಿಸುವ ಕಾಯಿದೆಗಳೂ ಹೆಚ್ಚಿದವು. ಭಯವು ಕ್ರೋಧವನ್ನು ಅಡಗಿಸಬಹುದು, ಉಪಶಮನಗೊಳಿಸಲಾರದು. ಅಡಗಿದ ಕಷಾಯವು ಸಮಯ ಸಿಕ್ಕಾಗ ಮತ್ತೆ ಉದಯಕ್ಕೆ ಬರುವುದೆಂಬುದು ಕರ್ಮಸಿದ್ಧಾಂತವನ್ನು ಅರಿತವರಿಗೆ ಹೊಸದಲ್ಲ.

ಮನೆಯೊಳಕ್ಕೆ ಹೋದ ಚಿಕಿತ್ಸೆ

ಈ ಗದ್ದಲದ ನಡುವೆಯೇ ಕೆಲವು ವಿದ್ವಾಂಸರು ಸದ್ದಿಲ್ಲದೆ ಬೇರೊಂದು ದಾರಿಯನ್ನು ತುಳಿದಿದ್ದರು. ಯೂಟಾ ವಿಶ್ವವಿದ್ಯಾಲಯದ ಜೇಮ್ಸ್ ಅಲೆಗ್ಸಾಂಡರ್ ಮತ್ತು ಬ್ರೂಸ್ ಪಾರ್ಸನ್ಸ್, ಬಾಲಕನನ್ನು ಮನೆಯಿಂದ ಬೇರ್ಪಡಿಸಿ ತಿದ್ದುವ ಬದಲು ಇಡೀ ಕುಟುಂಬವನ್ನು ಕೂರಿಸಿಕೊಂಡು ಮಾತನಾಡಿಸುವ ಕ್ರಮವನ್ನು ರೂಪಿಸಿದರು. ಇದಕ್ಕೆ ಫಂಕ್ಷನಲ್ ಫ್ಯಾಮಿಲಿ ಥೆರಪಿ ಎಂದು ಹೆಸರು. ಮೊದಲ ಕೆಲವು ಭೇಟಿಗಳಲ್ಲಿ ಉಪದೇಶವೇ ಇಲ್ಲ. ತಂದೆ ಮಗನನ್ನು, ಮಗ ತಾಯಿಯನ್ನು ದೂಷಿಸುವ ಅಭ್ಯಾಸವನ್ನು ಸಡಿಲಿಸುವುದೇ ಮೊದಲ ಕೆಲಸ. ಅನಂತರ ಮನೆಯಲ್ಲಿ ಮಾತನಾಡುವ ರೀತಿ, ಕಟ್ಟಳೆ ಹಾಕುವ ರೀತಿ, ಜಗಳ ಬಗೆಹರಿಸುವ ರೀತಿಗಳನ್ನು ಕಲಿಸುವುದು. ಕೊನೆಗೆ ಶಾಲೆ, ನೆರೆಹೊರೆಗಳಲ್ಲಿಯೂ ಅದೇ ನಡವಳಿಕೆ ನಿಲ್ಲುವಂತೆ ಮಾಡುವುದು. ಒಟ್ಟು ಅವಧಿ ಮೂರು ನಾಲ್ಕು ತಿಂಗಳು. 1973ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ, ಈ ಚಿಕಿತ್ಸೆ ಪಡೆದವರಲ್ಲಿ ಶೇಕಡ 26ರಷ್ಟು ಬಾಲಕರು ಮರಳಿ ನ್ಯಾಯಾಲಯಕ್ಕೆ ಬಂದರೆ, ಯಾವ ಚಿಕಿತ್ಸೆಯನ್ನೂ ಪಡೆಯದವರಲ್ಲಿ ಸುಮಾರು ಅರ್ಧದಷ್ಟು ಜನ ಬಂದಿದ್ದರು. ಮುಂದಿನ ಪರಿಶೀಲನೆಯಲ್ಲಿ ಅದೇ ಮನೆಗಳ ತಮ್ಮ ತಂಗಿಯರೂ ನ್ಯಾಯಾಲಯದ ಮೆಟ್ಟಿಲೇರುವುದು ಕಡಿಮೆಯಾಗಿತ್ತು.

ಸ್ಕಾಟ್ ಹೆಂಗ್ಲರ್ ಎಂಬ ಮನೋವಿಜ್ಞಾನಿ ರೂಪಿಸಿದ ಮಲ್ಟಿಸಿಸ್ಟಮಿಕ್ ಥೆರಪಿಯು ಇನ್ನೂ ವಿಸ್ತಾರವಾದುದು. ಬಾಲಕನ ಸುತ್ತಲೂ ಕುಟುಂಬ, ಗೆಳೆಯರು, ಶಾಲೆ, ಬಡಾವಣೆ ಎಂಬ ಆವರಣಗಳಿವೆ; ಎಲ್ಲವೂ ಒಂದನ್ನೊಂದು ಪ್ರಭಾವಿಸುತ್ತವೆ. ಆದುದರಿಂದ ಚಿಕಿತ್ಸಕನು ಕಚೇರಿಯಲ್ಲಿ ಕುಳಿತಿರದೆ ಮನೆಗೆ ಹೋಗುತ್ತಾನೆ. ಒಬ್ಬ ಚಿಕಿತ್ಸಕನಿಗೆ ನಾಲ್ಕರಿಂದ ಆರು ಕುಟುಂಬಗಳು ಮಾತ್ರ. ಹಗಲಿರುಳೆನ್ನದೆ ಕರೆದಾಗ ನೆರವು ಸಿಗಬೇಕು. ಮೂರರಿಂದ ಐದು ತಿಂಗಳುಗಳಲ್ಲಿ ತಂದೆ ತಾಯಿಯರೇ ಮಗನನ್ನು ನೋಡಿಕೊಳ್ಳುವ ಶಕ್ತಿ ಪಡೆದು ಚಿಕಿತ್ಸಕನು ಹಿಂದೆ ಸರಿಯಬೇಕು. ಕೇಂಬ್ರಿಜ್ ಪ್ರಯೋಗದಲ್ಲಿ ಆಸರೆಯು ಹೊರಗಿನಿಂದ ಬಂದು ಹೊರಗೇ ಹೋಯಿತು. ಇಲ್ಲಿ ಆಸರೆಯನ್ನು ಮನೆಯೊಳಗೇ ಕಟ್ಟಲಾಯಿತು.

ಮಿಸ್ಸೌರಿ ರಾಜ್ಯದಲ್ಲಿ ಚಾರ್ಲ್ಸ್ ಬೊರ್ಡುಯಿನ್ ಅವರ ನೇತೃತ್ವದಲ್ಲಿ 176 ಬಾಲಕ ಬಾಲಕಿಯರ ಮೇಲೆ ಇದನ್ನು ಪರೀಕ್ಷಿಸಲಾಯಿತು. ಅವರೆಲ್ಲ ಹಲವು ಬಾರಿ ಬಂಧನಕ್ಕೊಳಗಾದವರು. ಒಂದು ಗುಂಪಿಗೆ ಈ ಚಿಕಿತ್ಸೆ. ಇನ್ನೊಂದಕ್ಕೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೀಡುವ ಸಾಮಾನ್ಯ ಸಮಾಲೋಚನೆ. 1995ರಲ್ಲಿ ಪ್ರಕಟವಾದಂತೆ, ನಾಲ್ಕು ವರ್ಷಗಳಲ್ಲಿ ಮರುಬಂಧನಕ್ಕೊಳಗಾದವರು ಮೊದಲ ಗುಂಪಿನಲ್ಲಿ ಶೇಕಡ 26, ಎರಡನೆಯದರಲ್ಲಿ ಶೇಕಡ 71. ಸುಮಾರು ಇಪ್ಪತ್ತೆರಡು ವರ್ಷಗಳ ಬಳಿಕ, ಅವರು ನಡುವಯಸ್ಸಿಗೆ ಬರುವ ಹೊತ್ತಿಗೆ, ಗಂಭೀರ ಅಪರಾಧಗಳಲ್ಲಿ ಸಿಕ್ಕಿದವರು ಮೊದಲ ಗುಂಪಿನಲ್ಲಿ ಶೇಕಡ 35ರಷ್ಟೂ ಎರಡನೆಯದರಲ್ಲಿ ಶೇಕಡ 55ರಷ್ಟೂ ಇದ್ದರೆಂದು 2011ರ ವರದಿ ತಿಳಿಸಿತು. ಅಂತರವು ಕಿರಿದಾಗಿತ್ತು, ಆದರೆ ಅಳಿದಿರಲಿಲ್ಲ.

ಮುಷ್ಟಿಯೊಳಗಿನ ಚೆಂಡು

ಪ್ರಥಮ ಬಾಲನ್ಯಾಯಾಲಯವು ಹುಟ್ಟಿದ ಷಿಕಾಗೊ ನಗರದಲ್ಲಿಯೇ 2001ರಲ್ಲಿ ‘ಬಿಕಮಿಂಗ್ ಎ ಮ್ಯಾನ್’ ಎಂಬ ಕಾರ್ಯಕ್ರಮವು ಆರಂಭವಾಯಿತು. ಆಲೋಚನೆಯ ಅಭ್ಯಾಸವನ್ನು ತಿದ್ದಿ ನಡತೆಯನ್ನು ತಿದ್ದುವ ಅರಿವಿನ ಚಿಕಿತ್ಸಾಕ್ರಮ ಅದರ ಆಧಾರ. ಶಾಲೆಯಲ್ಲಿಯೇ ಹುಡುಗರು ವೃತ್ತಾಕಾರವಾಗಿ ಕುಳಿತು ಮಾತನಾಡುತ್ತಾರೆ. ಅಲ್ಲಿಯ ಒಂದು ಆಟವು ಉಲ್ಲೇಖನೀಯ. ಹುಡುಗರನ್ನು ಇಬ್ಬಿಬ್ಬರಾಗಿ ನಿಲ್ಲಿಸಿ ಒಬ್ಬನ ಕೈಗೆ ಚೆಂಡನ್ನು ಕೊಡುತ್ತಾರೆ. ಅವನ ಮುಷ್ಟಿಯಿಂದ ಅರ್ಧ ನಿಮಿಷದಲ್ಲಿ ಚೆಂಡನ್ನು ಪಡೆಯುವಂತೆ ಇನ್ನೊಬ್ಬನಿಗೆ ಹೇಳುತ್ತಾರೆ. ಎಲ್ಲರೂ ಬಲವನ್ನೇ ಪ್ರಯೋಗಿಸುತ್ತಾರೆ. ಬೆರಳು ತಿರುಚುತ್ತಾರೆ, ಕೆಡವುತ್ತಾರೆ. ಆಟ ಮುಗಿದ ಮೇಲೆ, ಚೆಂಡನ್ನು ಕೊಡು ಎಂದು ಯಾರೂ ಏಕೆ ಕೇಳಲಿಲ್ಲವೆಂದು ಪ್ರಶ್ನಿಸುತ್ತಾರೆ. ಕೇಳಿದ್ದರೆ ಅವನು ಕೊಡುತ್ತಿರಲಿಲ್ಲ, ಹೇಡಿಯೆನ್ನುತ್ತಿದ್ದ ಎಂಬ ಉತ್ತರ ಬರುತ್ತದೆ. ಚೆಂಡು ಹಿಡಿದವನನ್ನು ವಿಚಾರಿಸಿದರೆ, ಒಂದು ಚೆಂಡು ತಾನೆ, ಕೇಳಿದ್ದರೆ ಕೊಡುತ್ತಿದ್ದೆ ಎನ್ನುತ್ತಾನೆ.

ಮಾನಕಷಾಯವು ಕ್ರೋಧಕ್ಕೆ ಹೇಗೆ ದಾರಿ ಮಾಡುತ್ತದೆಂಬುದನ್ನು ಇದಕ್ಕಿಂತ ಸರಳವಾಗಿ ಬೋಧಿಸುವುದು ಕಠಿಣ. ಕೃತ್ಯಕ್ಕೂ ಮುನ್ನ ಒಂದು ಕ್ಷಣ ನಿಂತು ತನ್ನ ಭಾವವನ್ನು ತಾನೇ ನೋಡಿಕೊಳ್ಳುವ ಅಭ್ಯಾಸವೇ ಅಲ್ಲಿಯ ಶಿಕ್ಷಣದ ತಿರುಳು. ಷಿಕಾಗೊ ಶಾಲೆಗಳ ಬಾಲಕರನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಗಳು 2017ರಲ್ಲಿ ಪ್ರಕಟವಾದವು. ಕಾರ್ಯಕ್ರಮ ನಡೆಯುತ್ತಿದ್ದ ಅವಧಿಯಲ್ಲಿ ಒಟ್ಟು ಬಂಧನಗಳು ಶೇಕಡ 28ರಿಂದ 35ರಷ್ಟು, ಹಿಂಸಾಪರಾಧದ ಬಂಧನಗಳು ಶೇಕಡ 45ರಿಂದ 50ರಷ್ಟು ಇಳಿದಿದ್ದವು. ಕುಕ್ ಕೌಂಟಿಯ ಬಾಲಬಂಧನ ಗೃಹದಲ್ಲಿ ಇಂತಹದೇ ಚಿಕಿತ್ಸಾಕ್ರಮವನ್ನು ಅಳವಡಿಸಿದಾಗ ಅಲ್ಲಿಗೆ ಮರಳಿ ಬರುವವರ ಪ್ರಮಾಣವು ಶೇಕಡ 21ರಷ್ಟು ತಗ್ಗಿತು. ಶಾಲೆಯ ಕಾರ್ಯಕ್ರಮ ನಿಂತ ಬಳಿಕ ಬಂಧನಗಳ ಮೇಲಿನ ಪರಿಣಾಮವು ಮಾಸಿತೆಂಬುದನ್ನೂ ಅದೇ ವಿದ್ವಾಂಸರು ಬರೆದಿದ್ದಾರೆ. ಅಭ್ಯಾಸವು ಬಿಟ್ಟರೆ ಗುಣವೂ ಬಿಡುವುದು. ಪ್ರತಿಕ್ರಮಣವನ್ನು ನಿತ್ಯವೂ ಮಾಡಬೇಕೆಂಬ ವಿಧಿಯ ಹಿಂದೆ ಇದೇ ಅನುಭವವಿದೆ.

ಲೆಕ್ಕದ ನಿಷ್ಠೆ

ಯಾವ ಚಿಕಿತ್ಸೆಯೂ ಹೆಸರುಮಾತ್ರದಿಂದ ಫಲ ಕೊಡದು. 1997ರಲ್ಲಿ ವಾಷಿಂಗ್ಟನ್ ರಾಜ್ಯವು, ಪರೀಕ್ಷೆಯಲ್ಲಿ ಗೆದ್ದ ಕಾರ್ಯಕ್ರಮಗಳಿಗೆ ಮಾತ್ರವೇ ಹಣ ನೀಡುವ ಕಾಯಿದೆಯನ್ನು ಮಾಡಿ, ಅವುಗಳ ಲಾಭನಷ್ಟವನ್ನು ತಪಾಸಣೆ ಮಾಡಲು ತನ್ನ ನೀತಿಸಂಶೋಧನ ಸಂಸ್ಥೆಗೆ ಒಪ್ಪಿಸಿತು. 2004ರ ವರದಿಯು ಒಂದು ಗಂಭೀರ ಸಂಗತಿಯನ್ನು ಹೊರಗೆಡಹಿತು. ಕುಟುಂಬ ಚಿಕಿತ್ಸೆಯನ್ನು ಸಮರ್ಥರು ವಿಧಿವತ್ತಾಗಿ ನಡೆಸಿದಲ್ಲಿ ಗಂಭೀರ ಅಪರಾಧಗಳು ಶೇಕಡ 38ರಷ್ಟು ಇಳಿದಿದ್ದವು. ಅಸಮರ್ಥರು ನಡೆಸಿದಲ್ಲಿ ಇಳಿಕೆಯೇ ಇರಲಿಲ್ಲ. ಪುಸ್ತಕ ಒಂದೇ, ತರಬೇತಿ ಒಂದೇ, ಖರ್ಚೂ ಒಂದೇ. ವ್ಯತ್ಯಾಸವಿದ್ದುದು ಅಪ್ರಮಾದದಲ್ಲಿ ಮಾತ್ರ. ಪ್ರಮಾದದ ಯೋಗದಿಂದಲೇ ಹಿಂಸೆ ಸಂಭವಿಸುವುದೆಂದು ಆಚಾರ್ಯರು ಹೇಳಿರುವುದನ್ನು ಇಲ್ಲಿ ನೆನೆಯುವುದು ಉಚಿತ.

ಇನ್ನೊಂದು ಪಾಠವು ಇಂಗ್ಲೆಂಡಿನಿಂದ ಬಂದಿತು. ಅಲ್ಲಿ ಮಲ್ಟಿಸಿಸ್ಟಮಿಕ್ ಥೆರಪಿಯನ್ನು 684 ಕುಟುಂಬಗಳಲ್ಲಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಹದಿನೆಂಟು ತಿಂಗಳುಗಳಲ್ಲಿ ಮನೆಯಿಂದ ಹೊರಗಿಡಬೇಕಾಗಿ ಬಂದ ಮಕ್ಕಳು ಚಿಕಿತ್ಸೆಯ ಗುಂಪಿನಲ್ಲಿ ಶೇಕಡ 13, ಎಂದಿನ ಸರ್ಕಾರಿ ಸೇವೆಗಳನ್ನು ಪಡೆದ ಗುಂಪಿನಲ್ಲಿ ಶೇಕಡ 11. ಅಂದರೆ ಗಣನೀಯ ಭೇದವಿಲ್ಲ. ಮಿಸ್ಸೌರಿಯಲ್ಲಿ ಗೆದ್ದುದು ಇಂಗ್ಲೆಂಡಿನಲ್ಲಿ ಗೆಲ್ಲಲಿಲ್ಲ. ಅಲ್ಲಿ ಎಂದಿನ ಸೇವೆಗಳೇ ಸಾಕಷ್ಟು ಉತ್ತಮವಾಗಿದ್ದುದು ಒಂದು ಕಾರಣವಿರಬಹುದು. ಒಂದು ದೇಶದ ಪ್ರಮಾಣಪತ್ರವನ್ನು ಇನ್ನೊಂದು ದೇಶದಲ್ಲಿ ಕಣ್ಣುಮುಚ್ಚಿ ಒಪ್ಪಲಾಗದು. ಸ್ಯಾದ್ವಾದವು ಬೋಧಿಸುವುದೂ ಇದನ್ನೇ: ಯಾವ ದ್ರವ್ಯಕ್ಕೆ, ಯಾವ ಕ್ಷೇತ್ರದಲ್ಲಿ, ಯಾವ ಕಾಲದಲ್ಲಿ, ಯಾವ ಭಾವದಲ್ಲಿ ಎಂಬ ಅಪೇಕ್ಷೆಯನ್ನು ಬಿಟ್ಟು ಹೇಳಿದ ಮಾತು ಪೂರ್ಣಸತ್ಯವಾಗದು.

ಮಾರ್ಕ್ ಲಿಪ್ಸಿ ಎಂಬ ವಿದ್ವಾಂಸರು 2009ರಲ್ಲಿ 548 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಒಂದು ಸ್ಥೂಲ ನಿಯಮವು ಗೋಚರಿಸಿತು. ಕೌಶಲವನ್ನು ಕಲಿಸುವ, ಸಮಾಲೋಚನೆ ನೀಡುವ, ಸಂಬಂಧಗಳನ್ನು ಬೆಸೆಯುವ ಕ್ರಮಗಳು ಮರು ಅಪರಾಧವನ್ನು ತಗ್ಗಿಸುತ್ತವೆ. ಶಿಸ್ತು, ಕಾವಲು, ಭಯಗಳನ್ನೇ ನಂಬಿದ ಕ್ರಮಗಳು ತಗ್ಗಿಸುವುದಿಲ್ಲ, ಕೆಲವೊಮ್ಮೆ ಹೆಚ್ಚಿಸುತ್ತವೆ. ಅಮೆರಿಕದಲ್ಲಿ 2000ದಲ್ಲಿ ಒಂದು ದಿನದ ಗಣತಿಯಂತೆ ಸುಮಾರು 1 ಲಕ್ಷ 8 ಸಾವಿರ ಮಕ್ಕಳು ಬಂಧನಾಲಯಗಳಲ್ಲಿದ್ದರು. 2020ರಲ್ಲಿ ಆ ಸಂಖ್ಯೆ ಸುಮಾರು 25 ಸಾವಿರ. ಅಪರಾಧಗಳೇ ಕಡಿಮೆಯಾದುದು, ಕಾಯಿದೆಗಳು ಬದಲಾದುದು, ಕೊನೆಗೆ ಮಹಾಮಾರಿಯ ವರ್ಷ ಬಂದುದು ಇದಕ್ಕೆ ಕಾರಣಗಳು. ಆದರೂ ಬಂಧನಕ್ಕೆ ಪರ್ಯಾಯವುಂಟೆಂದು ನ್ಯಾಯಾಧೀಶರಿಗೆ ಧೈರ್ಯ ಬಂದುದರಲ್ಲಿ ಈ ಪರೀಕ್ಷೆಗಳ ಪಾಲೂ ಇದೆ.

ಭಾರತದ ಸಂದರ್ಭ

ಭಾರತದಲ್ಲಿ ಮದರಾಸು ಪ್ರಾಂತವು 1920ರಲ್ಲಿ, ಬಂಗಾಳವು 1922ರಲ್ಲಿ, ಮುಂಬಯಿ ಪ್ರಾಂತವು 1924ರಲ್ಲಿ ಮಕ್ಕಳ ಕಾಯಿದೆಗಳನ್ನು ಮಾಡಿದವು. ದಕ್ಷಿಣ ಕನ್ನಡವು ಆಗ ಮದರಾಸಿಗೂ, ಬೆಳಗಾವಿ ಧಾರವಾಡಗಳು ಮುಂಬಯಿಗೂ ಸೇರಿದ್ದವು. ಜಮ್ಮು ಮತ್ತು ಕಾಶ್ಮೀರವನ್ನುಳಿದು ಇಡೀ ದೇಶಕ್ಕೆ ಅನ್ವಯಿಸುವ ಬಾಲನ್ಯಾಯ ಕಾಯಿದೆಯು 1986ರಲ್ಲಿ ಬಂದಿತು. 2000 ಮತ್ತು 2015ರಲ್ಲಿ ಹೊಸ ಕಾಯಿದೆಗಳು ಅದರ ಸ್ಥಾನವನ್ನು ಪಡೆದವು. 2012ರ ದೆಹಲಿಯ ಘೋರ ಕೃತ್ಯದ ಬಳಿಕ ಜನರ ಕೋಪವು ಎಷ್ಟಿತ್ತೆಂದರೆ, 2015ರ ಕಾಯಿದೆಯು ಹದಿನಾರರಿಂದ ಹದಿನೆಂಟರ ನಡುವಿನವರನ್ನು ಅತಿಘೋರ ಅಪರಾಧಗಳಲ್ಲಿ ವಯಸ್ಕರಂತೆ ವಿಚಾರಿಸಲು ದಾರಿ ತೆರೆಯಿತು. ಆದರೆ ಅದೇ ಕಾಯಿದೆಯು ಮಗುವಿನ ಹೆಸರು ಗುರುತುಗಳನ್ನು ಪ್ರಕಟಿಸುವುದನ್ನು ನಿಷೇಧಿಸಿದೆ. ಹೊಸ ಬಾಳಿಗೆ ಅವಕಾಶವಿರಬೇಕೆಂಬ ತತ್ತ್ವವನ್ನು ಒಪ್ಪಿದೆ. ಸಮಾಲೋಚನೆಗೆ ಕಳುಹಿಸುವ ಅಧಿಕಾರವನ್ನು ಬಾಲನ್ಯಾಯ ಮಂಡಳಿಗೆ ನೀಡಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2020ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ‘ಸಂವಾದ್’ ಎಂಬ ರಾಷ್ಟ್ರೀಯ ಕಾರ್ಯಯೋಜನೆಯು ಆರಂಭವಾಗಿ, ಸಂಕಷ್ಟದಲ್ಲಿರುವ ಮಕ್ಕಳೊಡನೆ ಕೆಲಸ ಮಾಡುವವರಿಗೆ ತರಬೇತಿ ನೀಡುವ ಹೊಣೆ ಹೊತ್ತಿತು.

ಉಪಗೂಹನಕ್ಕೆ ದೃಷ್ಟಾಂತನಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ ಇಲ್ಲಿ ಸ್ಮರಣೀಯ. ಬ್ರಹ್ಮಚಾರಿಯ ವೇಷದಲ್ಲಿ ಬಂದ ಕಳ್ಳನು ಜಿನಬಿಂಬದ ಛತ್ರದ ರತ್ನವನ್ನು ಕದ್ದು ಓಡುವಾಗ ಸಿಕ್ಕಿಬಿದ್ದನು. ಧರ್ಮಮಾರ್ಗಕ್ಕೆ ಅಪವಾದ ಬಾರದಿರಲೆಂದು ಶ್ರೇಷ್ಠಿಯು, ರತ್ನವನ್ನು ತಾನೇ ತರಹೇಳಿದ್ದೆನೆಂದು ಕಾವಲುಗಾರರಿಗೆ ನುಡಿದನು. ಆದರೆ ಆ ಕಳ್ಳನನ್ನು ಮತ್ತೆ ಕೋಶದ ಕಾವಲಿಗೆ ನಿಲ್ಲಿಸಲಿಲ್ಲ. ಏಕಾಂತದಲ್ಲಿ ಗದರಿ ಕಳುಹಿಸಿಬಿಟ್ಟನು. ಮಾನವನ್ನು ಉಳಿಸಿದನು, ವಿವೇಕವನ್ನು ಬಿಡಲಿಲ್ಲ. ಕರುಣೆ ಮತ್ತು ಎಚ್ಚರ ಒಂದೇ ಹೃದಯದಲ್ಲಿ ಇರಬಲ್ಲವೆಂಬುದಕ್ಕೆ ಈ ವಣಿಕನೇ ಸಾಕ್ಷಿ.

ಸಂಖ್ಯೆಗಳಿಂದ ಆತ್ಮದ ಪರಿಣಾಮವನ್ನು ಅಳೆಯಬಹುದೆ ಎಂದು ಕೇಳುವವರಿದ್ದಾರೆ. ಅಳೆಯಲಾಗದು. ಮರುಬಂಧನದ ಲೆಕ್ಕವು ವ್ಯವಹಾರನಯದ ಮಾತು. ಒಳಗಿನ ಭಾವಶುದ್ಧಿಯು ನಿಶ್ಚಯನಯಕ್ಕೆ ಸೇರಿದುದು. ಆದರೆ ವ್ಯವಹಾರವನ್ನು ಕಡೆಗಣಿಸಿ ನಿಶ್ಚಯವನ್ನು ಸಾಧಿಸಿದವರಿಲ್ಲ. ಮಗನು ಇಂದು ಮನೆಯಲ್ಲಿ ಊಟಕ್ಕೆ ಕುಳಿತಿರುವನೋ ವೀಕ್ಷಣಾಲಯದಲ್ಲಿ ಸಾಲು ನಿಂತಿರುವನೋ ಎಂಬುದು ತಾಯಿಯ ಪಾಲಿಗೆ ಸಣ್ಣ ಸಂಖ್ಯೆಯಲ್ಲ.

ಅನಾಥಾಲಯ, ವಿದ್ಯಾರ್ಥಿನಿಲಯ, ಔಷಧಾಲಯಗಳಿಗೆ ಜೈನ ಸಮಾಜವು ತಲೆತಲಾಂತರಗಳಿಂದ ಧಾರಾಳವಾಗಿ ದಾನ ಮಾಡುತ್ತ ಬಂದಿದೆ. ಅಂಗಡಿಯ ರೋಕಡವನ್ನು ಪ್ರತಿ ಸಂಜೆ ತಾಳೆ ನೋಡುವ ಗೃಹಸ್ಥನು, ತಾನು ಮಾಡಿದ ದಾನದಿಂದ ಯಾರಿಗೆ ಏನಾಯಿತೆಂದು ಹತ್ತು ವರ್ಷಗಳಿಗೊಮ್ಮೆಯಾದರೂ ನೋಡುವುದು ದಾನಕ್ಕೆ ಕುಂದಲ್ಲ, ಅದರ ಪೂರ್ಣತೆ. ವಂದನಾರ್ಪಣೆಯ ಪತ್ರಗಳು ಆ ಕೆಲಸಕ್ಕೆ ಸಾಲವು. ಕೇಂಬ್ರಿಜ್‌ನ ಬಾಲಕರೂ ಕೃತಜ್ಞತೆಯನ್ನೇ ತಿಳಿಸಿದ್ದರು. ದಾರಿ ತಪ್ಪಿದ ಮಗುವಿನ ಹೊಣೆ ಹೊರುವವರು ಮೊದಲು ಹೃದಯವನ್ನು ತೆರೆಯಲಿ. ಜೊತೆಗೆ ಖಾತೆಯ ಪುಸ್ತಕವನ್ನೂ ತೆರೆದಿಡಲಿ. ವಾತ್ಸಲ್ಯಕ್ಕೆ ಅಮೂಢದೃಷ್ಟಿಯು ಕಾವಲಾಗಿ ನಿಂತಾಗ ಮಾತ್ರ ಸ್ಥಿತೀಕರಣವು ಸಿದ್ಧಿಸುವುದು.